ತಪ್ಪಿದ ಲೆಕ್ಕವನ್ನು ಅಳಿಸಬೇಡಿ

ಕೇಳುಗರಿಗೆಲ್ಲ ನಮಸ್ಕಾರ. ವಿದ್ಯಾರ್ಥಿಗಳು ಛಲವನ್ನೂ ಸಕಾರಾತ್ಮಕ ಮನೋಭಾವವನ್ನೂ ಬೆಳೆಸಿಕೊಳ್ಳುವುದು ಹೇಗೆ ಎಂದು ನಾಲ್ಕು ಮಾತು ಹೇಳಲು ನನ್ನನ್ನು ಕರೆದಿದ್ದಾರೆ. ನಾನು 31 ವರ್ಷ ಗಣಿತ ಪಾಠ ಹೇಳಿದವನು. ಮನಸ್ಸಿನ ವಿಷಯ ದೊಡ್ಡದಾಗಿ ಮಾತನಾಡಲು ಬಾರದು, ನೋಟ್‌ಬುಕ್ಕಿನ ವಿಷಯ ಹೇಳಬಲ್ಲೆ. ಹಾಗಾಗಿ ನಾಲ್ಕು ಮಾತು ಬೇಡ, ಒಂದೇ ಮಾತು: ತಪ್ಪಿದ ಲೆಕ್ಕವನ್ನು ಅಳಿಸಬೇಡಿ. ಮುಂದಿನ ಐದಾರು ನಿಮಿಷವೂ ಇದನ್ನೇ ಹೇಳುತ್ತೇನೆ, ಬೇಸರಿಸಬಾರದು.

ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ನೋಟ್‌ಬುಕ್ ನೋಡಿದವರು ಮೆಚ್ಚಲೇಬೇಕು. ಒಂದು ಗೆರೆ ಸೊಟ್ಟಗಿಲ್ಲ, ಒಂದು ಉತ್ತರ ತಪ್ಪಿಲ್ಲ. ಪರೀಕ್ಷೆಯಲ್ಲಿ ಮಾತ್ರ 100ಕ್ಕೆ 30 ದಾಟುತ್ತಿರಲಿಲ್ಲ. ಇದೇನು ವಿಚಿತ್ರ ಎಂದು ನನಗೂ ಬಹಳ ದಿನ ಹೊಳೆಯಲಿಲ್ಲ. ಒಂದು ದಿನ ಪುಸ್ತಕ ಕೈಗೆತ್ತಿಕೊಂಡರೆ ತೀರಾ ಹಗುರ. 200 ಪುಟದ ಪುಸ್ತಕ ಅರ್ಧಕ್ಕೆ ಇಳಿದಿತ್ತು. ತೆರೆದಾಗ ಎರಡು ಹಾಳೆಗಳು ಜಾರಿ ನೆಲಕ್ಕೆ ಬಿದ್ದವು. ನಡುವೆ ಪಿನ್ನು ಹೊಡೆದ ಪುಸ್ತಕದ ಪಾಡು ನಿಮಗೆ ಗೊತ್ತೇ ಇದೆ, ಈ ಕಡೆಯ ಹಾಳೆ ಹರಿದರೆ ಆ ಕಡೆಯ ಜೋಡಿ ಹಾಳೆಯೂ ಸಡಿಲವಾಗುತ್ತದೆ. ಲೆಕ್ಕ ತಪ್ಪಿದಾಗಲೆಲ್ಲ ಅವಳು ಆ ಹಾಳೆಯನ್ನೇ ಹರಿದು, ಉತ್ತರ ನೋಡಿಕೊಂಡು ಹೊಸದಾಗಿ ಅಂದವಾಗಿ ಬರೆಯುತ್ತಿದ್ದಳು. ನೆಲಕ್ಕೆ ಬಿದ್ದ ಹಾಳೆಗಳಲ್ಲಿದ್ದದ್ದು ಅವಳೇ ಸರಿಯಾಗಿ ಮಾಡಿದ ಲೆಕ್ಕಗಳು.

"ಯಾಕಮ್ಮ ಹೀಗೆ?" ಎಂದು ಕೇಳಿದೆ. "ತಪ್ಪು ಕಣ್ಣಿಗೆ ಬಿದ್ದರೆ ಗಣಿತ ನನ್ನ ತಲೆಗೆ ಹತ್ತುವುದಿಲ್ಲ ಅನಿಸುತ್ತದೆ ಸರ್. ಮುಂದೆ ಓದಲು ಮನಸ್ಸೇ ಬರುವುದಿಲ್ಲ" ಎಂದಳು. ಅಂದರೆ ಮನಸ್ಸು ಕುಗ್ಗದಿರಲೆಂದೇ ಆ ಹುಡುಗಿ ಹಾಳೆ ಹರಿಯುತ್ತಿದ್ದಳು!

ಅವಳ ರಬ್ಬರ್ ಇಸಿದುಕೊಂಡೆ. ಎರಡು ನಿಯಮ ಹಾಕಿದೆ. ತಪ್ಪಿದ ಸಾಲಿನ ಮೇಲೆ ಒಂದೇ ಗೆರೆ, ಕೆಳಗಿನದು ಓದಲು ಬರುವಂತಿರಬೇಕು. ಅಂಚಿನಲ್ಲಿ ಒಂದೇ ವಾಕ್ಯ, ಎಲ್ಲಿ ತಪ್ಪಿತು ಎಂದು. ಮೊದಲ ವಾರ ಎಲ್ಲ ಅಂಚುಗಳಲ್ಲೂ "ಗಮನ ಸಾಲದು" ಎಂದು ಬರೆದು ತಂದಳು. ಇದು ಕಾರಣವಲ್ಲ, ಬೈಗುಳ ಎಂದು ಹಿಂದಕ್ಕೆ ಕಳುಹಿಸಿದೆ. ಮಕ್ಕಳು ಈ ಮಾತನ್ನು ಎಲ್ಲಿಂದ ಕಲಿಯುತ್ತಾರೆ ಎಂಬುದು ಕೇಳುತ್ತಿರುವ ಹಿರಿಯರಿಗೆ ಗೊತ್ತು.

ಮೂರನೇ ವಾರ ಇಬ್ಬರೂ ಕುಳಿತು ಅಂಚುಗಳನ್ನು ಎಣಿಸಿದೆವು. ಒಟ್ಟು 23 ತಪ್ಪು. ಅವುಗಳಲ್ಲಿ 17 ಒಂದೇ ತಪ್ಪು! ಕಂಸದ ಮುಂದೆ ಋಣ ಚಿಹ್ನೆ ಬಂದರೆ, ಕಂಸ ತೆಗೆಯುವಾಗ ಒಳಗಿನ ಮೊದಲ ಸಂಖ್ಯೆಯ ಚಿಹ್ನೆಯನ್ನು ಬದಲಿಸಿ ಎರಡನೆಯದನ್ನು ಹಾಗೆಯೇ ಬಿಡುತ್ತಿದ್ದಳು. ಲೆಕ್ಕ ಬಾಯಲ್ಲೇ ಮಾಡೋಣ. ಕಂಸದೊಳಗೆ ಏಳರಲ್ಲಿ ಮೂರು ಕಳೆದಿದೆ, ಬಂದದ್ದನ್ನು ಹತ್ತರಲ್ಲಿ ಕಳೆಯಬೇಕು. ನಾಲ್ಕು ಹೋಗಿ ಆರು ಉಳಿಯಬೇಕಲ್ಲವೇ? ಅವಳ ದಾರಿಯಲ್ಲಿ ಹತ್ತರಿಂದ ಏಳೂ ಹೋಯಿತು, ಮೂರೂ ಹೋಯಿತು, ಉಳಿದದ್ದು ಸೊನ್ನೆ. ತಲೆಗೆ ಹತ್ತುವುದಿಲ್ಲ ಎಂದುಕೊಂಡಿದ್ದ ಗಣಿತ ಒಂದು ಕಂಸದಲ್ಲಿ ಸಿಕ್ಕಿಕೊಂಡಿತ್ತು. "ಇಷ್ಟೇನಾ ಸರ್?" ಎಂದಳು. ಮುಖದಲ್ಲಿ ಸಂತೋಷಕ್ಕಿಂತ ಸಿಟ್ಟೇ ಹೆಚ್ಚಿತ್ತು. ಆ ಸಿಟ್ಟಿಗೇ ನಾನು ಛಲ ಎನ್ನುವುದು.

ಅವಳು ಮೊದಲ ಸ್ಥಾನ ಪಡೆದಳೇ ಎಂದು ಕೇಳಬೇಡಿ, ಇಲ್ಲ. 30 ಇದ್ದದ್ದು 58 ಆಯಿತು.

ದಿನವೂ ಕನ್ನಡಿಯ ಮುಂದೆ ನಿಂತು "ನನ್ನಿಂದ ಸಾಧ್ಯ" ಎಂದು ಹೇಳಿಕೊಳ್ಳಿ ಎನ್ನುವವರಿದ್ದಾರೆ. ಹೇಳಿಕೊಳ್ಳಿ, ನನ್ನ ಅಡ್ಡಿಯಿಲ್ಲ. ಆದರೆ ಕಂಸದ ಮುಂದಿನ ಚಿಹ್ನೆಗೆ ಅದು ಕೇಳಿಸುವುದಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಧೈರ್ಯ ಯಾರಿಗೆ ಬೇಕು? ಮೀಸೆ ಮುಟ್ಟಿ, ಎಷ್ಟು ಮಣ್ಣಾಗಿದೆ ಎಂದು ನೋಡಿಕೊಳ್ಳಿ. ತಪ್ಪಿದ ಲೆಕ್ಕವನ್ನು ಅಳಿಸಬೇಡಿ.

ಹುಡುಗಿಯ ಕಥೆಗೇ ಅರ್ಧಕ್ಕಿಂತ ಹೆಚ್ಚು ಸಮಯ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಒಂದು, ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಿ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಗುಂಪು ಪಾಠವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಮೂರು ಸಲ ನೆನಪಿನಿಂದಲೇ ಬರೆಯಿತು. ಐದು ನಿಮಿಷದ ಬಳಿಕ ಕೇಳಿದರೆ ಓದಿದವರೇ ಮುಂದೆ. ಒಂದು ವಾರದ ಬಳಿಕ ಕೇಳಿದರೆ ಓದಿದವರಿಗೆ ನೆನಪಿದ್ದದ್ದು ಶೇ. 40ರಷ್ಟು, ಬರೆದವರಿಗೆ ಶೇ. 61ರಷ್ಟು. ನೆನಪಾಗದೆ ಪೆನ್ನು ಕಚ್ಚುತ್ತ ಕೂರುವ ಹೊತ್ತು ದಂಡವಲ್ಲ, ಓದಿನ ಫಲ ಬರುವುದೇ ಅಲ್ಲಿಂದ.

ಎರಡು, ಆಂಡ್ರ್ಯೂ ವೈಲ್ಸ್. ಹತ್ತನೇ ವಯಸ್ಸಿನಲ್ಲಿ ಗ್ರಂಥಾಲಯದ ಪುಸ್ತಕವೊಂದರಲ್ಲಿ ಮುನ್ನೂರಕ್ಕೂ ಹೆಚ್ಚು ವರ್ಷ ಯಾರಿಗೂ ಬಿಡಿಸಲಾಗದೆ ಉಳಿದಿದ್ದ ಗಣಿತದ ಒಗಟಾದ ಫರ್ಮಾನ ಕೊನೆಯ ಪ್ರಮೇಯವನ್ನು ಕಂಡ ಈ ಗಣಿತಜ್ಞರು ಅದರ ಸಾಧನೆ, ಅಂದರೆ ಪುರಾವೆ, ಸಿಕ್ಕಿತೆಂದು 1993ರ ಜೂನ್‌ನಲ್ಲಿ ಪ್ರಕಟಿಸಿದರು. ಕೆಲವೇ ತಿಂಗಳಲ್ಲಿ ಅದರೊಳಗೊಂದು ಬಿರುಕು ಕಾಣಿಸಿತು. ಸುಮಾರು ಒಂದು ವರ್ಷ ಹೆಣಗಿದರೂ ಅದು ಮುಚ್ಚಲಿಲ್ಲ. 1994ರ ಸೆಪ್ಟೆಂಬರ್‌ನಲ್ಲಿ, ತನ್ನ ವಿಧಾನ ಏಕೆ ಸೋತಿತು ಎಂಬುದನ್ನಾದರೂ ತಿಳಿಯೋಣವೆಂದು ಕುಳಿತರು. ಹಿಂದೆ ಕೈಬಿಟ್ಟಿದ್ದ ಇನ್ನೊಂದು ವಿಧಾನಕ್ಕೆ ಬೇಕಾಗಿದ್ದ ಕೀಲಿ ಆ ಸೋಲಿನ ಕಾರಣದಲ್ಲೇ ಇತ್ತು. ಅದೇನು ಕೀಲಿ ಎಂದು ವಿವರಿಸಲು ಆಸೆಯಿದೆ, ಸಮಯವಿಲ್ಲ.

ಇಂದು ರಾತ್ರಿ, ಹಾಸಿಗೆಯ ಕೆಳಗೋ ಬಟ್ಟೆಯ ಮಡಿಕೆಯಲ್ಲೋ ಬಚ್ಚಿಟ್ಟಿರುವ ಕಳೆದ ಪರೀಕ್ಷೆಯ ಉತ್ತರ ಪತ್ರಿಕೆಯನ್ನು ಹೊರಗೆ ತೆಗೆಯಿರಿ. ತಪ್ಪಿದ ಕಡೆ ಒಂದು ಗೆರೆ, ಅಂಚಿನಲ್ಲಿ ಒಂದು ವಾಕ್ಯ. "ಗಮನ ಸಾಲದು" ಎಂದು ಮಾತ್ರ ಬರೆಯಬೇಡಿ. ನಮಸ್ಕಾರ.