ಪಾಸ್ಟರ್ ಬರೆದ ತಮ್ಮದೇ ಕಥೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿ-ಧಾರವಾಡದ ನಮ್ಮ ಹುಡುಗರ ಮೊಬೈಲಿನಲ್ಲಿ ಈಗ ದೂರದೇಶದ ಪಾಸ್ಟರುಗಳ, ಅಂದರೆ ಚರ್ಚಿನ ಸಭಾಪಾಲಕರ, ಪ್ರವಚನ ಓಡುತ್ತಿರುತ್ತದೆ. ಅವರು ಬರೆದ ಪುಸ್ತಕವೂ ಕೈಯಿಂದ ಕೈಗೆ ಬರುತ್ತದೆ. ಅಂಥ ಒಬ್ಬರ ಬಗ್ಗೆ ಇವತ್ತು ಮಾತಾಡುತ್ತೇನೆ. ಹೆಸರು ಮಾರ್ಕ್ ಡ್ರಿಸ್ಕಾಲ್. 1996ರಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ, ಇನ್ನಿಬ್ಬರ ಜೊತೆ ಸೇರಿ ಮಾರ್ಸ್ ಹಿಲ್ ಅನ್ನೋ ಚರ್ಚ್ ಶುರು ಮಾಡಿದವರು.

ಹತ್ತು ವರ್ಷದ ಮೇಲೆ, 2006ರಲ್ಲಿ, ಆ ಕಥೆಯನ್ನು ಅವರೇ ಪುಸ್ತಕ ಮಾಡಿದರು. ಅದರ ಅಧ್ಯಾಯಗಳ ತಲೆಬರಹ ನೋಡಬೇಕು. ಅದರ ಜೊತೆಗೆ ಚರ್ಚಿಗೆ ಬರುವ ಜನರ ಲೆಕ್ಕ ಇದೆ. ಮೊದಲು ಸೊನ್ನೆಯಿಂದ 45 ಜನ. ಆಮೇಲೆ 45ರಿಂದ 75. ಹಾಗೇ ಏರುತ್ತಾ ಏರುತ್ತಾ 10,000ದವರೆಗೆ. ತಮ್ಮ ಸಿಟ್ಟನ್ನಾಗಲಿ, ಒರಟು ಮಾತನ್ನಾಗಲಿ ಅವರು ಮುಚ್ಚಿಟ್ಟಿಲ್ಲ, ನಿಜ. ಆದರೆ ಆ ಸಿಟ್ಟೇ ಸಭೆಯನ್ನು ಬೆಳೆಸಿತು ಅನ್ನೋ ಹಾಗೆ ಕಥೆ ಸಾಗುತ್ತದೆ. ನನಗೆ ಕಳವಳ ಆಗೋದು ಇಲ್ಲೇ. ತಪ್ಪು ಒಪ್ಪಿಕೊಂಡ ಹಾಗೂ ಆಯಿತು, ಅದರಿಂದಲೇ ಹೆಸರು ಬಂದ ಹಾಗೂ ಆಯಿತು. ಓದುವ ಹುಡುಗ ಏನು ಕಲಿಯುತ್ತಾನೆ? ಜನ ಜಾಸ್ತಿ ಆದರೆ ಎಲ್ಲಾ ಸರಿ ಅಂತ, ಅಲ್ವಾ?

ಮುಂದಿನ ವರ್ಷವೇ, 2007ರಲ್ಲಿ, ಆ ಚರ್ಚಿನ ನಿಯಮಾವಳಿ ಬದಲಾಯಿತು. ಅಧಿಕಾರ ಕೆಲವೇ ಜನರ ಕೈಗೆ ಬಂತು. ಇದು ಬೇಡ ಅಂದ ಇಬ್ಬರು ಹಿರಿಯರನ್ನು, ಅಂದರೆ ಚರ್ಚಿನ ಆಡಳಿತ ನೋಡಿಕೊಳ್ಳುವವರನ್ನು, ಕೆಲಸದಿಂದ ತೆಗೆದರು. ಅದಾದ ಮೇಲೆ ಡ್ರಿಸ್ಕಾಲ್, ಬೇರೆ ಪಾಸ್ಟರುಗಳ ತರಬೇತಿಯಲ್ಲಿ, ಚರ್ಚನ್ನು ಬಸ್ಸು ಅಂದರು. ಬಸ್ಸು ಹತ್ತಿ, ಇಲ್ಲಾ ಅದರ ಕೆಳಗೆ ಸಿಗುತ್ತೀರಿ. ಹಿಂದೆ ಹೆಣಗಳ ರಾಶಿಯೇ ಇದೆ, ದೇವರ ದಯೆಯಿಂದ ಅದು ಬೆಟ್ಟ ಆಗುತ್ತೆ. ಅವರು ಹೇಳಿದ್ದು ಈ ಅರ್ಥದ ಮಾತು. ಆ ಧ್ವನಿಮುದ್ರಣ ಇವತ್ತಿಗೂ ಸಿಗುತ್ತದೆ. ಪಾಸ್ಟರ್ ಅಂದರೆ ಕುರಿ ಕಾಯುವವನು. ಅವನ ಬಾಯಲ್ಲಿ ಬರೋ ಮಾತೇ ಅದು?

ನಮ್ಮ ಕಡೆ ಕ್ರೈಸ್ತ ಸಭೆಗಳ ಇತಿಹಾಸವೂ ಸಣ್ಣದೇನಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು ಧಾರವಾಡಕ್ಕೆ ಬಂದಿದ್ದು 1837ರಲ್ಲಿ. ಅವರು ಶುರು ಮಾಡಿದ ಗದಗ-ಬೆಟಗೇರಿಯ ಜರ್ಮನ್ ದವಾಖಾನೆ ಎಲ್ಲರಿಗೂ ಗೊತ್ತು. ಅದನ್ನು ಯಾರೂ ಒಬ್ಬ ಪಾಸ್ಟರ ಹೆಸರಿನಿಂದ ಕರೆಯೋದಿಲ್ಲ. ಇಲ್ಲಿ ಸಭಾಪಾಲಕರಿಗೆ ವರ್ಗ ಆಗುತ್ತದೆ. ಕೆಲವು ವರ್ಷ ಇರುತ್ತಾರೆ, ಮತ್ತೊಂದು ಊರಿಗೆ ಹೋಗುತ್ತಾರೆ. ಸುಗ್ಗಿ ಹಬ್ಬದಲ್ಲಿ ಜೋಳದ ಚೀಲ, ಕುಂಬಳಕಾಯಿ, ಕೋಳಿ ಎಲ್ಲಾ ಲಿಲಾವಿಗೆ ಬರುತ್ತವೆ. ಎಷ್ಟು ಹಣ ಬಂತು ಅಂತ ಎಲ್ಲರ ಮುಂದೆ ಓದುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತ ಅಜ್ಜಿಯೂ ಎದ್ದು ಕೇಳಬಹುದು. ನಮ್ಮಲ್ಲೂ ಜಗಳ ಇದೆ, ಕಮಿಟಿ ರಾಜಕೀಯ ಇದೆ. ಆದರೂ ಎದ್ದು ಕೇಳೋ ಆ ಹಕ್ಕು ನನಗೆ ಬಹಳ ದೊಡ್ಡದು. ಅದನ್ನು ಕಳಕೊಳ್ಳಬಾರದು ಅಂತಲೇ ಈ ಮಾತು ಹೇಳುತ್ತಿದ್ದೇನೆ.

ಹಣದ ವಿಷಯಕ್ಕೆ ಬಂದರೆ, ಡ್ರಿಸ್ಕಾಲ್ 2012ರಲ್ಲಿ ಹೆಂಡತಿಯ ಜೊತೆ ಸೇರಿ ಮದುವೆ ಬಗ್ಗೆ ಒಂದು ಪುಸ್ತಕ ಬರೆದರು. ಅದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹೆಚ್ಚು ಮಾರಾಟವಾದ ಪುಸ್ತಕಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಏರಿತು. ಹೇಗೆ ಏರಿತು ಅನ್ನೋದು 2014ರಲ್ಲಿ ಹೊರಗೆ ಬಂತು. ಸಾವಿರಾರು ಪ್ರತಿಗಳನ್ನು ಕೊಂಡು ಪಟ್ಟಿಗೆ ಏರಿಸಲು ಒಂದು ಕಂಪನಿಯ ಜೊತೆ ಚರ್ಚೇ ಒಪ್ಪಂದ ಮಾಡಿಕೊಂಡಿತ್ತು. ಒಪ್ಪಂದದ ಮೊತ್ತ ಎರಡು ಲಕ್ಷ ಡಾಲರ್‌ಗೂ ಮೇಲೆ. ಚರ್ಚಿನ ಹಣ ಅಂದರೆ ಯಾರ ಹಣ? ದುಡಿದ ಕೂಲಿಯಲ್ಲಿ ಒಂದು ಪಾಲು ತೆಗೆದಿಟ್ಟು ಕಾಣಿಕೆ ಚೀಲಕ್ಕೆ ಹಾಕುವವರ ಹಣ. ಆಮೇಲೆ ಅವರು ತಪ್ಪೊಪ್ಪಿಕೊಂಡು, ಆ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ಲೇಖಕ ಅನ್ನೋ ಬಿರುದನ್ನು ಇನ್ನು ಬಳಸೋದಿಲ್ಲ ಅಂದರು.

ಅದೇ 2014ರಲ್ಲಿ 21 ಮಾಜಿ ಪಾಸ್ಟರುಗಳು ಅವರ ಮೇಲೆ ಲಿಖಿತ ದೂರು ಕೊಟ್ಟರು. ದರ್ಪ, ಸಿಟ್ಟು, ಕಟು ಮಾತು, ಸಹೋದ್ಯೋಗಿಗಳ ಮೇಲೆ ದಬ್ಬಾಳಿಕೆ ಇದ್ದದ್ದು ನಿಜ ಅಂತ ಚರ್ಚಿನ ಮಂಡಳಿಯೂ ಹೇಳಿತು. ಅಕ್ಟೋಬರ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. ಕೆಲವೇ ತಿಂಗಳಲ್ಲಿ ಇಡೀ ಚರ್ಚೇ ವಿಸರ್ಜನೆ ಆಯಿತು. ಒಬ್ಬ ಮನುಷ್ಯ ಎದ್ದು ಹೋದ ಕೂಡಲೇ ಕುಸಿಯೋ ಹಾಗೆ ಅದನ್ನು ಕಟ್ಟಿದ್ದರು. 2016ರಲ್ಲಿ ಅವರು ಅರಿಜೋನಾದಲ್ಲಿ ಇನ್ನೊಂದು ಚರ್ಚ್ ತೆರೆದರು.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಒಂದು ಕಾಗದ. ಆ ಇಬ್ಬರು ಹಿರಿಯರನ್ನು ತೆಗೆದಾಗ ಅದಕ್ಕೆ ಒಪ್ಪಿಗೆ ಕೊಟ್ಟವರಲ್ಲಿ ಹಲವರು, ಏಳು ವರ್ಷ ಕಳೆದ ಮೇಲೆ, ಅವರಿಗೆ ಬಹಿರಂಗ ಪತ್ರ ಬರೆದು ಕ್ಷಮೆ ಕೇಳಿದರು. 2006ರ ಆ ಪುಸ್ತಕದ ಜೊತೆ ಈ ಪತ್ರವನ್ನೂ ಇಟ್ಟುಕೊಂಡು ನಮ್ಮ ಯುವಕರ ಕೂಟಗಳಲ್ಲಿ ಓದಿ. ಹಿರಿಯರೂ ಜೊತೆಗೆ ಕೂತು ಓದಲಿ.

ನಮಸ್ಕಾರ.