ಹೃದಯದ ಚೀಲ, ಹೃದಯದ ರಕ್ತ

ಕೇಳುಗರೆಲ್ಲರಿಗೂ ನಮಸ್ಕಾರ. ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಕರೋನರಿ ರಕ್ತನಾಳಗಳ ವಿಷಯವನ್ನು ನೀವು ಸಾಕಷ್ಟು ಕೇಳಿದ್ದೀರಿ. ಆ ನಾಳಗಳ ಸಮೇತ ಇಡೀ ಹೃದಯವನ್ನು ಸುತ್ತುವರಿದ ಚೀಲವೊಂದಿದೆ, ಹೃದಯಾವರಣ. ಅದರ ಮಾತು ಬರುವುದು ಅಪರೂಪ. ಇಂದು ಅದನ್ನೇ ಹೇಳುತ್ತೇನೆ.

ಈ ಚೀಲದ ಹೊರಪದರ ಗಡುಸು, ಥಟ್ಟನೆ ಹಿಗ್ಗುವಂಥದ್ದಲ್ಲ. ಒಳಗೆ 15ರಿಂದ 50 ಮಿಲಿಲೀಟರ್ ದ್ರವವಿದ್ದು, ಹೃದಯ ಉಜ್ಜಾಟವಿಲ್ಲದೆ ಬಡಿಯುತ್ತದೆ. ಕ್ಷಯದಂಥ ಸೋಂಕಿನಿಂದ ವಾರಗಟ್ಟಲೆ ನಿಧಾನವಾಗಿ ನೀರು ತುಂಬಿದರೆ ಚೀಲವೂ ಹಿಗ್ಗುತ್ತಾ ಹೋಗಿ ಲೀಟರಿನಷ್ಟನ್ನೂ ಹಿಡಿದೀತು. ಆದರೆ ಎದೆಗೆ ಪೆಟ್ಟು ಬಿದ್ದು ಒಮ್ಮೆಲೇ ರಕ್ತ ಸೇರಿದರೆ 200 ಮಿಲಿಲೀಟರೇ ಪ್ರಾಣಕ್ಕೆ ಕುತ್ತು. ಚೀಲ ಹಿಗ್ಗದ್ದರಿಂದ ಆ ರಕ್ತ ಹೃದಯವನ್ನೇ ಅದುಮುತ್ತದೆ, ಹೃದಯ ಸರಿಯಾಗಿ ತುಂಬಿಕೊಳ್ಳಲಾರದೆ ಕಡಿಮೆ ರಕ್ತವನ್ನು ಹೊರದೂಡುತ್ತದೆ. ಸೂಜಿ ಚುಚ್ಚಿಯೋ ಶಸ್ತ್ರಚಿಕಿತ್ಸೆಯಿಂದಲೋ ತಕ್ಷಣ ಹೊರತೆಗೆಯಲೇಬೇಕು.

ಕರೋನರಿ ನಾಳಗಳಿಗೆ ಆಗ ಏನಾಗುತ್ತದೆ? ದೇಹಕ್ಕೆಲ್ಲ ರಕ್ತ ದೂಡುವ ಕೋಣೆಯಾದ ಎಡ ಹೃತ್ಕುಕ್ಷಿಯ ಸ್ನಾಯು ಸಂಕುಚಿಸುವಾಗ ತನ್ನೊಳಗಿನ ನಾಳಗಳನ್ನು ತಾನೇ ಹಿಂಡುತ್ತದೆ. ಹಾಗಾಗಿ ಅದಕ್ಕೆ ರಕ್ತ ಸಿಗುವುದು ಬಹುಪಾಲು ಎರಡು ಬಡಿತಗಳ ನಡುವಿನ ವಿರಾಮದಲ್ಲಿ. ಹೃದಯದಿಂದ ಹೊರಡುವ ದೊಡ್ಡ ನಾಳವಾದ ಮಹಾಪಧಮನಿಯ ಒತ್ತಡ ರಕ್ತವನ್ನು ಮುಂದೂಡುತ್ತದೆ, ಹೃದಯದೊಳಗಿನ ಒತ್ತಡ ಎದುರು ನಿಲ್ಲುತ್ತದೆ. ಚೀಲ ತುಂಬಿದಾಗ ಮುಂದೂಡುವ ಒತ್ತಡ ಇಳಿಯುತ್ತದೆ, ಎದುರಿನದು ಏರುತ್ತದೆ. ಸಾಲದ್ದಕ್ಕೆ ಬಡಿತ ಚುರುಕಾಗಿ ವಿರಾಮವೂ ಮೊಟಕಾಗುತ್ತದೆ. ಕರೋನರಿ ಹರಿವು ಕುಗ್ಗದೆ ಇದ್ದೀತೇ? ಆದರೂ ಇಂಥ ರೋಗಿಗಳ ಹೃದಯಸ್ನಾಯು ಬೇಗನೆ ಸಾಯುವುದಿಲ್ಲ. ಪಂಪು ಮಾಡುವ ಕೆಲಸವೇ ಕಡಿಮೆಯಾದ್ದರಿಂದ ಅದಕ್ಕೆ ಬೇಕಾದ ಆಮ್ಲಜನಕವೂ ಕಡಿಮೆ. ದೇಹದ ಈ ಲೆಕ್ಕಾಚಾರ ನನ್ನನ್ನು ಪ್ರತಿಬಾರಿಯೂ ಬೆರಗುಗೊಳಿಸುತ್ತದೆ.

ಹೃದಯ ಹೀಗೆ ಅದುಮಿಹೋಗಿರುವುದನ್ನು ಗುರುತಿಸುವ ಲಕ್ಷಣಗಳನ್ನು 1935ರಲ್ಲಿ ವಿವರಿಸಿದವರು ಅಮೆರಿಕದ ಕ್ಲೀವ್‌ಲ್ಯಾಂಡಿನ ಶಸ್ತ್ರವೈದ್ಯ ಕ್ಲಾಡ್ ಬೆಕ್. ರಕ್ತದೊತ್ತಡದ ಕುಸಿತ, ಉಬ್ಬಿದ ಕತ್ತಿನ ಅಭಿಧಮನಿಗಳು, ಮಂದವಾದ ಹೃದಯದ ಸದ್ದು: ವೈದ್ಯ ವಿದ್ಯಾರ್ಥಿಗಳು ಇಂದಿಗೂ ಬಾಯಿಪಾಠ ಮಾಡುವುದು ಇವನ್ನೇ. ಅದೇ ಬೆಕ್ ಅದೇ ವರ್ಷ ಮತ್ತೊಂದು ಸಾಹಸಕ್ಕೆ ಕೈಹಾಕಿದರು. ಹೃದಯವನ್ನು ಹಿಂಡಬಲ್ಲ ಈ ಚೀಲದಿಂದಲೇ ಹೃದಯಕ್ಕೆ ರಕ್ತ ಕೊಡಿಸಬಹುದೇ ಎಂದು ಯೋಚಿಸಿದರು. ಕರೋನರಿ ನಾಳ ಕಟ್ಟಿಕೊಂಡಿದ್ದ ರೋಗಿಯ ಹೃದಯಾವರಣದ ಒಳಮೈಯನ್ನೂ ಹೃದಯದ ಮೇಲ್ಮೈಯನ್ನೂ ಕೆರೆದು, ಎದೆಯ ಸ್ನಾಯುವಿನ ಒಂದು ತುಂಡನ್ನು ಅಲ್ಲಿ ಹೊಲಿದರು. ಗಾಯ ಮಾಯುವಾಗ ಪದರಗಳು ಅಂಟಿಕೊಂಡು, ಹೊಸ ಕಿರುನಾಳಗಳು ಹುಟ್ಟಿ ಹೃದಯದೊಳಕ್ಕೆ ಇಳಿಯಲಿ ಎಂಬುದು ಅವರ ಆಸೆ. ಮುಂದೆ ಆ ಉರಿಯೂತ ಹೆಚ್ಚಲೆಂದು ಕಲ್ನಾರಿನ ಪುಡಿಯನ್ನೂ ಚೀಲದೊಳಗೆ ಉದುರಿಸಿದರು! ಕಲ್ನಾರಿನ ಅಪಾಯ ಬಲ್ಲ ನಮಗೆ ಮೈ ಜುಮ್ಮೆನ್ನುತ್ತದೆ. ಆದರೆ ಎದೆನೋವಿನ ರೋಗಿಗೆ ವಿಶ್ರಾಂತಿ ಮತ್ತು ಮಾತ್ರೆ ಬಿಟ್ಟರೆ ಹೆಚ್ಚೇನೂ ಇಲ್ಲದ ಕಾಲವದು. ಆ ಧೈರ್ಯವನ್ನು ನಾನು ಗೌರವಿಸುತ್ತೇನೆ.

ಹಲವರಿಗೆ ನೋವು ಇಳಿಯಿತು, ಆದರೆ ಹಾಗೆ ಹುಟ್ಟಿದ ನಾಳಗಳಿಂದ ಸಾಕಷ್ಟು ರಕ್ತ ಸಿಗುತ್ತದೆಂಬುದು ಖಚಿತವಾಗಲಿಲ್ಲ. 1967ರಲ್ಲಿ ಅದೇ ಊರಿನ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನಲ್ಲಿ ಶಸ್ತ್ರವೈದ್ಯ ರೆನೆ ಫವಲೊರೊ ಕಾಲಿನ ಅಭಿಧಮನಿಯನ್ನು ಬಳಸಿ, ಕಟ್ಟಿಕೊಂಡ ಜಾಗವನ್ನು ಸುತ್ತಿಹೋಗುವ ಹೊಸ ದಾರಿ ಮಾಡುವ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡತೊಡಗಿದ ಮೇಲೆ ಬೆಕ್ ವಿಧಾನ ಹಿಂದೆ ಸರಿಯಿತು. ಬೈಪಾಸಿಗೂ ಮೊದಲು ಬಿಡಿಸಬೇಕಾದದ್ದು ಈ ಚೀಲವನ್ನೇ. ಶಸ್ತ್ರಚಿಕಿತ್ಸೆಯ ನಂತರ ರೋಗಿಯ ಎದೆಯಿಂದ ಹೊರಬರುವ ಕೊಳವೆಗಳನ್ನು ನೀವು ನೋಡಿರಬಹುದು. ಒಸರುವ ರಕ್ತ ಹೃದಯದ ಸುತ್ತ ನಿಂತು ಅದನ್ನು ಅದುಮದಿರಲೆಂದೇ ಅವನ್ನು ಇಟ್ಟಿರುತ್ತಾರೆ. ಅವುಗಳಿಂದ ಬರುವ ರಕ್ತ ಏಕಾಏಕಿ ನಿಂತು, ಅದರ ಜೊತೆಗೆ ರಕ್ತದೊತ್ತಡವೂ ಕುಸಿದರೆ ವೈದ್ಯರು ಮೊದಲು ಅನುಮಾನಿಸುವುದು ಹೃದಯದ ಸುತ್ತ ರಕ್ತ ಕಟ್ಟಿಕೊಂಡಿದೆಯೇ ಎಂದು. ನಮಸ್ಕಾರ.