ಸ್ಪೀಡ್ ಬಿಡಿ, ಕೆಟ್ಟಾಗ ಬರುವವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ಇಂಟರ್ನೆಟ್ ಹಾಕಿಸಬೇಕು, ಯಾವುದು ಹಾಕಿಸಲಿ ಅಂತ ಕೇಳುವವರು ನನಗೆ ದಿನಾ ಸಿಗುತ್ತಾರೆ. ಮದುವೆ ಪಂಕ್ತಿಯಲ್ಲಿ ಊಟಕ್ಕೆ ಕೂತರೂ ಬಿಡುವುದಿಲ್ಲ. ಎಲ್ಲರ ಮೊದಲ ಪ್ರಶ್ನೆ ಒಂದೇ: "ಎಷ್ಟು ಸ್ಪೀಡಿಂದು ತಗೋಬೇಕ್ರೀ? ನೂರಾ, ಇನ್ನೂರಾ?" ನಾನು ತಿರುಗಿ ಕೇಳುತ್ತೇನೆ, ಕೆಟ್ಟರೆ ಯಾರು ಬರುತ್ತಾರೆ? ಎಷ್ಟು ಹೊತ್ತಿಗೆ ಬರುತ್ತಾರೆ? ಅದಕ್ಕೆ ಅವರ ಹತ್ತಿರ ಉತ್ತರ ಇರುವುದಿಲ್ಲ. ಅದನ್ನು ಕೇಳಬೇಕು ಅಂತಲೇ ಯಾರಿಗೂ ಹೊಳೆದಿರುವುದಿಲ್ಲ. ಇವತ್ತು ನನ್ನ ಮಾತೆಲ್ಲ ಇದರ ಸುತ್ತಲೇ. ಉಳಿದದ್ದು ಮರೆತರೂ ಅಡ್ಡಿಯಿಲ್ಲ, ಇದೊಂದು ನೆನಪಿಡಿ.

ನೀವು ಬಾವಿಗೆ ಮೋಟರು ತರುವಾಗ ಏನು ಮಾಡುತ್ತೀರಿ? ಎಷ್ಟು ಎಚ್‌ಪಿ ಅಂತ ನೋಡುತ್ತೀರಿ, ಸರಿ. ಆದರೆ ಅದಕ್ಕಿಂತ ಮೊದಲು ಸುಟ್ಟರೆ ರಿವೈಂಡಿಂಗ್ ಮಾಡುವವನು ನಮ್ಮೂರಲ್ಲಿ ಇದ್ದಾನಾ ಅಂತ ವಿಚಾರಿಸುತ್ತೀರಿ. ಬೆಳೆ ಒಣಗುವಾಗ ಮೋಟರು ಎಷ್ಟು ದೊಡ್ಡದು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ಅಲ್ವಾ? ಇಂಟರ್ನೆಟ್ ವಿಷಯಕ್ಕೆ ಬಂದಾಗ ಮಾತ್ರ ನಮಗೆ ಈ ಬುದ್ಧಿ ಓಡುವುದಿಲ್ಲ. ಜಾಹೀರಾತಿನಲ್ಲಿ ದೊಡ್ಡದಾಗಿ ಬರೆದ ನಂಬರು ನೋಡಿ ದುಡ್ಡು ಕಟ್ಟಿ ಬರುತ್ತೇವೆ.

ಸ್ಪೀಡಿನ ಲೆಕ್ಕ ಬೇಗ ಮುಗಿಸಿಬಿಡುತ್ತೇನೆ. ಮೊಬೈಲಿನಲ್ಲೋ ಟಿವಿಯಲ್ಲೋ ಒಳ್ಳೆ ಎಚ್‌ಡಿ ಪಿಕ್ಚರ್ ನೋಡಲು 5 ಎಂಬಿಪಿಎಸ್ ಸಾಕು. ದೊಡ್ಡ 4ಕೆ ಟಿವಿಗೆ 15ರಿಂದ 25. ವಿಡಿಯೋ ಕಾಲಿಗೆ ನಾಲ್ಕೈದು. ಯುಪಿಐ ಪೇಮೆಂಟಿಗಂತೂ ಲೆಕ್ಕಕ್ಕೇ ಇಲ್ಲದಷ್ಟು. ಅಂದರೆ ನಾಲ್ಕು ಜನ ಇರುವ ಮನೆಗೆ 50 ಬೇಕಾದಷ್ಟಾಯಿತು, ಒಟ್ಟು ಸಂಸಾರ ಇದ್ದರೆ 100 ಹಾಕಿಸಿ. ಆ ನೂರಕ್ಕೂ ಸೆಕೆಂಡಿಗೆ 100 ಎಂಬಿ ಫೈಲು ಇಳಿಯುವುದಿಲ್ಲ. ಎಂಬಿಪಿಎಸ್‌ನಲ್ಲಿ ಎಣಿಸುವುದು ಬಿಟ್, ಫೈಲಿನಲ್ಲಿ ಎಣಿಸುವುದು ಬೈಟ್, ಎಂಟು ಬಿಟ್ಟಿಗೆ ಒಂದು ಬೈಟ್. ಅದಕ್ಕೇ ಎಂಟರಿಂದ ಭಾಗಿಸಬೇಕು, ಹನ್ನೆರಡೂವರೆ ಎಂಬಿ ಬರುತ್ತದೆ. ಇಳಕಲ್ಲಿನಲ್ಲಿ ಸೀರೆ ಹಿಡಿದುಕೊಂಡು ಲೈವ್ ವಿಡಿಯೋದಲ್ಲಿ ತೋರಿಸಿ ಮಾರುವವರು, ಮದುವೆ ವಿಡಿಯೋ ಕಳಿಸುವ ಫೋಟೋ ಸ್ಟುಡಿಯೋದವರು ಅಪ್‌ಲೋಡ್ ಎಷ್ಟು ಅಂತ ಕೇಳಿಕೊಳ್ಳಿ. ನಿಮ್ಮ ಕಡೆಯಿಂದ ಹೋಗುವ ಸ್ಪೀಡ್ ಅದು, ಕೆಲವು ಪ್ಲಾನಿನಲ್ಲಿ ಬಹಳ ಕಡಿಮೆ ಇರುತ್ತದೆ. ದುಡ್ಡಿನ ಮಾತಿಗೂ ಒಂದು ಕಿವಿಮಾತು: 499 ಅಂದರೆ 499 ಅಲ್ಲ. ನೂರಕ್ಕೆ 18 ಜಿಎಸ್‌ಟಿ ಸೇರಿ ತಿಂಗಳಿಗೆ 589 ರೂಪಾಯಿ ಹತ್ತಿರ ಆಗುತ್ತದೆ.

ಸ್ಪೀಡ್ ಮುಗಿಯಿತು. ಈಗ ನಿಜವಾದ ವಿಷಯ. ನಿಮ್ಮ ಮನೆಗೆ ಬರುವ ತಂತಿ ಎಂಥದ್ದು?

ಇವತ್ತು ಎಲ್ಲರೂ "ನಮ್ಮದು ಫೈಬರ್" ಅಂತಲೇ ಹೇಳುತ್ತಾರೆ. ಫೈಬರ್ ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆ. ಮನೆ ಒಳಗಿನವರೆಗೂ ಫೈಬರ್ ಬಂದರೆ ಅದು ಫೈಬರ್. ಓಣಿಯ ಕಂಬದವರೆಗೆ ಫೈಬರ್ ತಂದು, ಅಲ್ಲಿ ಯಾರದೋ ಮಾಳಿಗೆ ಮೇಲೆ ಒಂದು ಡಬ್ಬಿ ಕೂರಿಸಿ, ಅಲ್ಲಿಂದ ನಿಮ್ಮ ಮನೆಗೆ ತಾಮ್ರದ ಲ್ಯಾನ್ ಕೇಬಲ್ ಎಳೆದರೆ ಅದು ಬೇರೆಯೇ ಸಂಗತಿ. ಗುರುತು ಹಿಡಿಯುವುದು ಸುಲಭ. ಮನೆಯ ಬಾಕ್ಸಿಗೆ ಚುಚ್ಚುವ ಪಿನ್ ಹಸಿರು ಅಥವಾ ನೀಲಿ ಬಣ್ಣದ ಚೌಕ ಪ್ಲಾಸ್ಟಿಕ್ ಇದ್ದರೆ ಫೈಬರ್. ಹಳೆ ಟೆಲಿಫೋನ್ ಪಿನ್ನಿನ ಹಾಗೆ ಪಾರದರ್ಶಕ ಇದ್ದು, ಒಳಗೆ ಎಂಟು ಬಣ್ಣದ ತಂತಿ ಕಂಡರೆ ತಾಮ್ರ.

ಇದರಿಂದ ನಮಗೇನು ಅನ್ನಬೇಡಿ, ನಮ್ಮ ಕಡೆಯವರಿಗೆ ಇದರಿಂದಲೇ ಎಲ್ಲ. ಸರಿಯಾದ ಫೈಬರಿನಲ್ಲಿ ಆಪರೇಟರ್ ಆಫೀಸಿನಿಂದ ನಿಮ್ಮ ಮನೆವರೆಗೆ ನಡುವೆ ಎಲ್ಲೂ ಕರೆಂಟ್ ಬೇಕಿಲ್ಲ. 20 ಕಿಲೋಮೀಟರ್‌ವರೆಗೂ ಬರೀ ಬೆಳಕು ಹೋಗುತ್ತದೆ. ಆ ಒಂದು ಎಳೆಯ ಬೆಳಕನ್ನೇ 32 ಅಥವಾ 64 ಮನೆಗೆ ಹಂಚುವ ಡಬ್ಬಿಗೂ ಕರೆಂಟ್ ಬೇಡ. ಹಾಗಾಗಿ ಓಣಿಯಲ್ಲಿ ಕರೆಂಟ್ ಹೋದರೂ ನಿಮ್ಮ ಮನೆ ಬಾಕ್ಸಿಗೆ ಒಂದು 12 ವೋಲ್ಟಿನ ಮಿನಿ ಯುಪಿಎಸ್ ಇಟ್ಟರೆ ನೆಟ್ ನಡೆಯುತ್ತಲೇ ಇರುತ್ತದೆ. ತಾಮ್ರದ ಕೇಬಲ್ ಆದರೆ ಆ ಮಾಳಿಗೆ ಮೇಲಿನ ಡಬ್ಬಿಗೆ ಕರೆಂಟ್ ಬೇಕೇ ಬೇಕು. ಅದು ಆರಿದರೆ ನಿಮ್ಮ ಮನೆಯಲ್ಲಿ ಎಂಥ ಇನ್ವರ್ಟರ್ ಇದ್ದರೂ ಸುಮ್ನೆ. ಮೇಲಾಗಿ ಲ್ಯಾನ್ ಕೇಬಲ್ 100 ಮೀಟರ್ ದಾಟಿದರೆ ನೆಚ್ಚುವ ಹಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಸಂಜೆ ಗಾಳಿ, ಗುಡುಗು, ಸಿಡಿಲು ಎಲ್ಲ ಒಟ್ಟಿಗೇ ಬರುತ್ತವಲ್ಲ, ಆಗ ಸಿಡಿಲಿನ ಕರೆಂಟ್ ತಾಮ್ರದ ತಂತಿ ಹಿಡಿದು ಒಳಗೆ ಬಂದು ರೂಟರನ್ನೂ ಟಿವಿಯನ್ನೂ ಸುಡುತ್ತದೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಆದ್ದರಿಂದ ಮನೆ ಒಳಗಿನವರೆಗೆ ಫೈಬರ್ ಸಿಗುವ ಓಣಿಯಲ್ಲಿದ್ದರೆ ಬೇರೆ ಯೋಚನೆ ಮಾಡಬೇಡಿ.

ಫೈಬರ್ ಅಂದರೂ ಅದು ಹರಿದು ತುಂಡಾಗುವುದಿಲ್ಲವೇ? ಹರಿಯುತ್ತದೆ. ಜೆಸಿಬಿ ಹರಿಯುತ್ತದೆ, ಕಬ್ಬಿನ ಲೋಡಿನ ಟ್ರ್ಯಾಕ್ಟರ್ ಹರಿಯುತ್ತದೆ, ಮರದ ಟೊಂಗೆ ಬಿದ್ದು ಹರಿಯುತ್ತದೆ. ಎಲ್ಲ ಕಂಪನಿಯದೂ ಹರಿಯುತ್ತದೆ. ಆಮೇಲೆ ಬರುವವರು ಯಾರು ಅನ್ನುವುದೇ ಪ್ರಶ್ನೆ.

ಇಲ್ಲಿ ಒಂದು ಪ್ರಸಂಗ ಹೇಳಲೇಬೇಕು. ವಿಜಯಪುರದಲ್ಲಿ ಒಬ್ಬರು ಆನ್‌ಲೈನ್ ಸೆಂಟರ್ ನಡೆಸುತ್ತಾರೆ. ಪಹಣಿ, ಪ್ಯಾನ್ ಕಾರ್ಡು, ಜಾತಿ ಆದಾಯ ಪ್ರಮಾಣಪತ್ರ, ಪರೀಕ್ಷೆ ಅರ್ಜಿ, ಎಲ್ಲಾ. ಓಣಿಯವರೆಲ್ಲ ಕಾಕಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಕಾಕಾ ಬುದ್ಧಿವಂತರು, ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ಎರಡು ಕನೆಕ್ಷನ್ ಇಟ್ಟಿದ್ದರು. ಒಂದು ದೊಡ್ಡ ಕಂಪನಿಯದು, 300 ಎಂಬಿಪಿಎಸ್. ಇನ್ನೊಂದು ಊರಿನ ಕೇಬಲ್‌ನವರದು, 50. ನೌಕರಿ ಅರ್ಜಿಯೊಂದರ ಕೊನೆ ದಿನ, ಅಂಗಡಿ ತುಂಬ ಹುಡುಗ ಹುಡುಗಿಯರು, ಹಳ್ಳಿಯಿಂದ ಬಸ್ಸಿಗೆ ಬಂದವರು. ಹನ್ನೊಂದು ಗಂಟೆ ಸುಮಾರಿಗೆ ಫೋನ್ ಬಂತು. "ಎರಡೂ ಬಂದ್ ಆಗ್ಯಾವು, ಲಗೂನ ಬರ್ರಿ." ಹೋಗಿ ನೋಡಿದರೆ ಎರಡೂ ಬಾಕ್ಸಿನಲ್ಲಿ ಎಲ್‌ಒಎಸ್ (LOS) ಅಂತ ಬರೆದ ಕಡೆ ಕೆಂಪು ಲೈಟ್ ಮಿಣುಕುತ್ತಿತ್ತು. ಆ ಕೆಂಪು ಲೈಟ್ ಬಂತು ಅಂದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲ ಅಂತ ಅರ್ಥ, ನೀವು ಬಾಕ್ಸನ್ನು ಹತ್ತು ಸಲ ಆಫ್ ಆನ್ ಮಾಡಿದರೂ ಏನೂ ಆಗುವುದಿಲ್ಲ.

ತಂತಿ ಹಿಡಿದುಕೊಂಡು ಹೊರಗೆ ನಡೆದೆವು. ಎರಡೂ ತಂತಿ ಒಂದೇ ಕಂಬಕ್ಕೆ ಹೋಗಿದ್ದವು. ಆ ಕಂಬದಿಂದ ರಸ್ತೆ ತಿರುವಿನವರೆಗೆ ಒಂದೇ ಗುಂಡಿಯಲ್ಲಿ ಅಕ್ಕಪಕ್ಕ ಇಳಿದಿದ್ದವು. ತಿರುವಿನಲ್ಲಿ ಚರಂಡಿಗೆ ಜೆಸಿಬಿ ಅಗೆದಿತ್ತು, ಎರಡೂ ಕೇಬಲ್ ಕಿತ್ತು ಮಣ್ಣಿನ ಮೇಲೆ ಬಿದ್ದಿದ್ದವು. ದುಡ್ಡು ಎರಡು ಕಡೆ ಕಟ್ಟಿದ್ದರು, ದಾರಿ ಒಂದೇ ಇತ್ತು!

ದೊಡ್ಡ ಕಂಪನಿಗೆ ಫೋನ್ ಮಾಡಿದರೆ ಮೊದಲು ಹಾಡು, ಆಮೇಲೆ ಒತ್ತಬೇಕಾದ ನಂಬರುಗಳು, ಆಮೇಲೆ ಎಲ್ಲೋ ದೂರದ ಊರಿನಲ್ಲಿ ಕೂತ ಒಬ್ಬರು ಬಾಕ್ಸ್ ಆಫ್ ಮಾಡಿ ಆನ್ ಮಾಡಿ ಅಂದರು. ಇಲ್ಲಿ ಕೇಬಲ್ ನೆಲದ ಮೇಲೆ ಬಿದ್ದಿದೆ ಅಂದರೂ ಆಫ್ ಮಾಡಿ ಆನ್ ಮಾಡಿ. ಊರಿನ ಕೇಬಲ್‌ನವರಿಗೆ ಕಾಕಾ ಫೋನ್ ಮಾಡಿದ್ದು ನೇರ ಆ ಹುಡುಗನ ಮೊಬೈಲಿಗೆ. "ಬಂದೆ ಕಾಕಾ" ಅಂದ, ಬೈಕ್ ಮೇಲೆ ಬಂದೇ ಬಿಟ್ಟ. ಹಿಂದೆ ಸೀಟಿಗೆ ಕಟ್ಟಿದ ಪೆಟ್ಟಿಗೆಯಲ್ಲಿ ಹರಿದ ಎಳೆ ಜೋಡಿಸುವ ಸ್ಪ್ಲೈಸಿಂಗ್ ಮಿಷನ್.

ಆ ಕೆಲಸ ನೀವು ಒಮ್ಮೆ ನೋಡಬೇಕು. ಮಳೆ ಇಲ್ಲ, ಆದರೂ ಮೊದಲು ಕೊಡೆ ಬಿಚ್ಚಿ ಗಾಳಿಗೆ ಅಡ್ಡ ಇಟ್ಟ, ಯಾಕೆಂದರೆ ಒಂದು ಕಣ ಧೂಳು ಕೂತರೂ ಜೋಡಣೆ ಕೆಡುತ್ತದೆ, ಬೇಸಿಗೆಯಲ್ಲಿ ನಮ್ಮೂರ ಧೂಳು ಹೇಳಬೇಕಿಲ್ಲ. ಕೇಬಲ್ ಸಿಪ್ಪೆ ಸುಲಿದ. ಒಳಗೆ ಅಂಟಂಟು ಜೆಲ್ಲಿ, ಅದರಲ್ಲಿ ನೀಲಿ, ಕಿತ್ತಳೆ, ಹಸಿರು, ಕಂದು ಎಳೆಗಳು. ನೀಲಿಗೆ ನೀಲಿ, ಹಸಿರಿಗೆ ಹಸಿರು ಜೋಡಿಸಬೇಕು, ಒಂದು ತಪ್ಪಿದರೆ ಇವರ ಮನೆ ಬೆಳಕು ಅವರ ಮನೆಗೆ. ಬಣ್ಣದ ಲೇಪ ತೆಗೆದ ಮೇಲೆ ಉಳಿಯುವ ಗಾಜಿನ ಎಳೆಯ ದಪ್ಪ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ಎಂಟು ಎಳೆ ಕೂರುತ್ತವೆ. ಅದರ ನಟ್ಟನಡುವೆ ಬೆಳಕು ಓಡುವ ಜಾಗ ಬರೀ 9 ಮೈಕ್ರಾನ್. ಸ್ಪಿರಿಟ್ಟಿನಲ್ಲಿ ಒರೆಸಿದ, ತುದಿಯನ್ನು ನೇರ ಕತ್ತರಿಸಿದ, ಎರಡು ತುದಿ ಮಿಷನ್ನಿನಲ್ಲಿ ಎದುರುಬದುರು ಇಟ್ಟ. ಪರದೆ ಮೇಲೆ ಎರಡು ತುದಿ ದೊಡ್ಡದಾಗಿ ಕಂಡವು, ತಾವೇ ಸರಿದು ಹೊಂದಿಕೊಂಡವು, ಚಟ್ ಅಂತ ಕಿಡಿ, ಗಾಜು ಕರಗಿ ಒಂದಾಯಿತು. ಪರದೆಯಲ್ಲಿ ಬೆಳಕಿನ ನಷ್ಟ 0.02 ಡೆಸಿಬಲ್ ಅಂತ ತೋರಿಸಿತು, ಅಂದರೆ ಇಲ್ಲವೇ ಇಲ್ಲ ಅನ್ನುವಷ್ಟು. ಮೇಲೆ ಒಂದು ತೋಳು ಏರಿಸಿ ಬಿಸಿ ಮಾಡಿ ಭದ್ರ ಮಾಡಿದ. ಹೀಗೆ ಒಂದೊಂದೇ ಎಳೆ, ಬಿಸಿಲಲ್ಲಿ ನೆಲದ ಮೇಲೆ ಕೂತು. ಅವನ ಕೆಲಸ ನೋಡಿ ನನಗೆ ನಿಜವಾಗಿ ಹೆಮ್ಮೆ ಅನಿಸಿತು. ನಮ್ಮ ಊರಿನ ಇಂಟರ್ನೆಟ್ ಇಂಥ ಹುಡುಗರ ಕೈಯಲ್ಲಿ ನಿಂತಿದೆ.

ನಾಲ್ಕು ಗಂಟೆಗೆ 50ರ ಕನೆಕ್ಷನ್ ಬಂತು. ಹಳ್ಳಿಯಿಂದ ಬಂದವರ ಅರ್ಜಿಗಳು ಅವತ್ತೇ ಹೋದವು. 300ರದು ಬಂದದ್ದು ಮೂರನೇ ದಿನ. ಈಗ ಹೇಳಿ, ಯಾವುದು ಜೋರು?

ದೊಡ್ಡ ಕಂಪನಿ ಕೆಟ್ಟದ್ದು, ಸಣ್ಣದು ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಇನ್ನೊಂದು ಓಣಿಯಲ್ಲಿ ಇದು ತಿರುವುಮುರುವು ಇರಬಹುದು. ಅದಕ್ಕೇ ನಿಮ್ಮ ಓಣಿಯಲ್ಲೇ ಕೇಳಿ, ನಿಮ್ಮ ಕಂಬದಿಂದಲೇ ತಂತಿ ಹೋದ ಮನೆಗಳಲ್ಲಿ ಕೇಳಿ. ಆದರೆ "ನೆಟ್ ಹೆಂಗೈತಿ?" ಅಂತ ಕೇಳಬೇಡಿ. ನಮ್ಮ ಜನ ಎಲ್ಲದಕ್ಕೂ "ಅಡ್ಡಿಯಿಲ್ರೀ" ಅನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಹೀಗೆ ಕೇಳಿ: ಕಳೆದ ಸಲ ಯಾವಾಗ ಹೋಗಿತ್ತು? ಎಷ್ಟು ಹೊತ್ತಿಗೆ ಬಂತು? ಯಾರು ಬಂದು ಮಾಡಿದರು, ಅವರ ನಂಬರು ಕೊಡ್ರಿ. ಮೂರು ಮನೆಯಲ್ಲಿ ಕೇಳಿದರೆ ಸಾಕು, ಯಾವ ಜಾಹೀರಾತೂ ಬೇಡ.

ವರ್ಷದ ದುಡ್ಡು ಒಮ್ಮೆಗೇ ಕಟ್ಟಿದರೆ ಎರಡು ತಿಂಗಳು ಫ್ರೀ ಅನ್ನುತ್ತಾರಲ್ಲ, ದಯವಿಟ್ಟು ಮೊದಲ ದಿನವೇ ಕಟ್ಟಬೇಡಿ. ತಿಂಗಳ ಪ್ಲಾನ್ ತಗೊಂಡು ನೋಡಿ. ಒಂದು ಸಲ ಕೆಡಲಿ. ಹೇಗೆ ಸರಿ ಮಾಡುತ್ತಾರೆ ಅಂತ ಕಣ್ಣಾರೆ ನೋಡಿ ಆಮೇಲೆ ವರ್ಷದ್ದು ಕಟ್ಟಿ. ವರ್ಷದ ದುಡ್ಡು ಕೊಟ್ಟು ಕೈ ಕಟ್ಟಿಸಿಕೊಂಡು ಕೂತವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಅಂಗಡಿ, ಆಸ್ಪತ್ರೆ, ಕಾರ್ಖಾನೆ ಇರುವವರು ಎರಡು ಕನೆಕ್ಷನ್ ಇಡಿ, ಆದರೆ ಎರಡೂ ಒಂದೇ ಕಂಬದಿಂದ ಬೇಡ. ಕಾಕಾ ಈಗ ಒಂದು ಫೈಬರ್, ಇನ್ನೊಂದು ಸಿಮ್ ಹಾಕುವ ರೂಟರ್ ಇಟ್ಟಿದ್ದಾರೆ. ಸಿಮ್ ಬೇರೆ ಕಂಪನಿಯದು. ಒಂದು ಹೋದರೆ ತಾನೇ ಇನ್ನೊಂದಕ್ಕೆ ಬದಲಾಗುವ ರೂಟರ್‌ಗಳು ಸಿಗುತ್ತವೆ. ಬೆಳಗಾವಿ ಉದ್ಯಮಬಾಗದ ಫೌಂಡ್ರಿಗಳಂಥ ದೊಡ್ಡ ವ್ಯವಹಾರದವರು ಲೀಸ್ಡ್ ಲೈನ್, ಅಂದರೆ ತಮಗೊಬ್ಬರಿಗೇ ಮೀಸಲಾದ ಲೈನು, ಕೇಳಬಹುದು. ಅದು ದುಬಾರಿ, ಆದರೆ ಇಷ್ಟು ಗಂಟೆಯಲ್ಲಿ ಸರಿ ಮಾಡುತ್ತೇವೆ ಅಂತ ಬರೆದು ಕೊಡುತ್ತಾರೆ. ನೀವು ದುಡ್ಡು ಕೊಡುವುದೇ ಆ ಬರಹಕ್ಕೆ. ಮನೆಯಿಂದ ಆಫೀಸಿನ ಟ್ಯಾಲಿ ತೆರೆಯಬೇಕು ಅನ್ನುವವರು ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಇಂಟರ್ನೆಟ್ ವಿಳಾಸ, ಸಿಗುತ್ತದಾ ಅಂತ ಮೊದಲೇ ಕೇಳಿ.

ಹೊಲದ ಮನೆ, ಹೊಸ ಲೇಔಟು, ಫೈಬರ್ ಬಂದಿಲ್ಲ ಅನ್ನುವವರಿಗೆ ಮಾಳಿಗೆ ಮೇಲೆ ಡಬ್ಬಿ ಕೂರಿಸುವ 5ಜಿ ಕನೆಕ್ಷನ್ ಇದೆ. ಟವರ್ ಹತ್ತಿರ ಇದ್ದರೆ ಒಳ್ಳೆಯದೇ. ಸಂಜೆ ಎಂಟರಿಂದ ಹತ್ತರ ನಡುವೆ ಪರೀಕ್ಷೆ ಮಾಡಿ, ಊರೆಲ್ಲ ಮೊಬೈಲ್ ಹಿಡಿದು ಕೂತಾಗ. ಖಾನಾಪುರದ ಕಾಡು, ಗುಡ್ಡದ ನಡುವೆ ಇರುವವರಿಗೆ ಟವರ್ ಮರೆಯಾಗುತ್ತದೆ, ಅಲ್ಲಿ ತಂತಿಯೇ ಗತಿ.

ಇನ್ನು ವೈಫೈ. ನಮ್ಮ ಹಳೆ ಕಲ್ಲಿನ ಮನೆಗಳ ಗೋಡೆ ದಪ್ಪ, ಒಂದು ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ ಸುಸ್ತಾಗುತ್ತದೆ, ಒಳ ಖೋಲಿಗೆ ರೂಟರಿನ ಇನ್ನೊಂದು ಸಿಗ್ನಲ್, 2.4 ಗಿಗಾಹರ್ಟ್ಸಿನದು, ಹಚ್ಚಿ. ರೂಟರನ್ನು ಟಿವಿ ಕಪಾಟಿನೊಳಗೆ ಮುಚ್ಚಿಡಬೇಡಿ, ನಡುಮನೆಯಲ್ಲಿ ಎತ್ತರಕ್ಕೆ ಇಡಿ. ನೆಟ್ ನಿಧಾನ ಅಂತ ದೂರು ಕೊಡುವ ಮುಂಚೆ ಲ್ಯಾಪ್‌ಟಾಪಿಗೆ ತಂತಿ ಹಾಕಿ ಸ್ಪೀಡ್ ನೋಡಿ, ತಂತಿಯಲ್ಲಿ ಸರಿ ಬಂದರೆ ದೋಷ ನಿಮ್ಮ ಗೋಡೆಯದು.

ದೂರು ಕೊಟ್ಟಾಗ ಡಾಕೆಟ್ ನಂಬರ್, ಅಂದರೆ ಆ ದೂರಿನ ನಂಬರು, ಕೇಳಿ ಬರೆದುಕೊಳ್ಳಿ. ನಂಬರಿಲ್ಲದ ದೂರು ದೂರೇ ಅಲ್ಲ. ಕಾಲ್ ಸೆಂಟರಿನಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಟೆಲಿಕಾಂ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್‌ನ ನಿಯಮದಲ್ಲೇ ಆ ಹಕ್ಕು ಇದೆ, ಅಲ್ಲಿ ಈ ನಂಬರು ಬೇಕಾಗುತ್ತದೆ. ಹೊಸ ಕನೆಕ್ಷನ್ ಹಾಕಲು ಹುಡುಗ ಮನೆಗೆ ಬಂದಾಗ ಚಹಾ ಕೊಡಿ, ಅವನ ಮೊಬೈಲ್ ನಂಬರ್ ಕೇಳಿ, ಬಾಕ್ಸಿನ ಪಕ್ಕ ಗೋಡೆಗೆ ದೊಡ್ಡದಾಗಿ ಬರೆದಿಡಿ, ಮನೆಯಲ್ಲಿ ನೀವಿಲ್ಲದಾಗಲೂ ಕಾಣುವ ಹಾಗೆ. ನಮಸ್ಕಾರ.